ಹಿರಿಯರ ಹುಚ್ಚು, ಮನೆಯವರ ಲೆಕ್ಕ

ನಮ್ಮ ದಕ್ಷಿಣ ಕನ್ನಡದ ಪತ್ರಿಕೆಗಳಲ್ಲಿ ಬರುವ ಶ್ರದ್ಧಾಂಜಲಿಗಳನ್ನು ನೀವು ನೋಡಿರುತ್ತೀರಿ. ಒಂದು ಭಾವಚಿತ್ರ, ಜನನ ಮರಣದ ತಾರೀಕು, ಅದರ ಕೆಳಗೆ ನಾಲ್ಕು ವಿಶೇಷಣ: ಸರಳ, ಸಜ್ಜನ, ಶಿಸ್ತಿನ ಸಿಪಾಯಿ, ಪರೋಪಕಾರಿ. ಹೆಸರನ್ನು ಬೆರಳಿನಿಂದ ಮುಚ್ಚಿ ಓದಿದರೆ ಅದು ಯಾರ ಅಜ್ಜನೂ ಆಗಬಹುದು. ಬದುಕಿದ್ದಾಗ ಮನೆಮಂದಿಯನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸಿದವನು, ಯಾರಿಗೂ ಹೇಳದೆ ಘಟ್ಟ ಹತ್ತಿ ಹೋದವನು, ಹೊಸ ಬೆಳೆ, ಹೊಸ ಯಂತ್ರ ಎಂದು ಕೈಸುಟ್ಟುಕೊಂಡವನು, ತೀರಿಕೊಂಡ ಹದಿಮೂರನೆಯ ದಿನಕ್ಕೆ ಗಂಭೀರ ಸ್ವಭಾವದ ಹಿರಿಯ ಚೇತನವಾಗಿ ಬಿಡುತ್ತಾನೆ.

ನನ್ನ ವೃತ್ತಿ ಲೆಕ್ಕ ಬರೆಯುವುದು ಮತ್ತು ಬೇರೆಯವರು ಬರೆದ ಲೆಕ್ಕವನ್ನು ತಪಾಸಣೆ ಮಾಡುವುದು. ಬಿ.ಕಾಂ. ಮೊದಲ ವರ್ಷದಲ್ಲೇ ನಮಗೆ ಹೇಳಿಕೊಟ್ಟದ್ದು ಇಷ್ಟು: ಪ್ರತಿಯೊಂದು ನಮೂದಿಗೂ ಎದುರು ಬದಿಯಲ್ಲಿ ಇನ್ನೊಂದು ನಮೂದು ಇರುತ್ತದೆ. ಒಂದನ್ನು ಕೈಬಿಟ್ಟರೆ ಇನ್ನೊಂದೂ ಕೈತಪ್ಪುತ್ತದೆ. ಮನೆತನದ ಚರಿತ್ರೆಗೂ ಈ ಮಾತು ಸಲ್ಲುತ್ತದೆ ಎಂದು ನನಗೆ ಅನ್ನಿಸುತ್ತದೆ. ಹಿರಿಯರ ಹುಚ್ಚು ಸಾಹಸಗಳನ್ನು ಅಳಿಸಿಬಿಟ್ಟರೆ, ಆ ಸಾಹಸದ ಖರ್ಚು ಹೊತ್ತವರೂ, ಅದರ ಖುಷಿಯಲ್ಲಿ ಪಾಲು ಪಡೆದವರೂ ಜೊತೆಗೇ ಅಳಿಸಿಹೋಗುತ್ತಾರೆ.

ಇದನ್ನು ಸರಿಯಾಗಿ ತಿಳಿಯಲು ನಾವೆಲ್ಲ ಬಲ್ಲ ಒಬ್ಬ ಹಿರಿಯರನ್ನು ತೆಗೆದುಕೊಳ್ಳೋಣ. ಅವರು ಒಂದು ಮನೆಯ ಯಜಮಾನರು. ಆದರೆ ಕರಾವಳಿಯ ಮಕ್ಕಳಿಗೆಲ್ಲ ಅಜ್ಜ. ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ತೀರಿಕೊಂಡದ್ದು 1997ರ ಡಿಸೆಂಬರ್ 9ರಂದು, ಮಣಿಪಾಲದಲ್ಲಿ. ಆಗ ಅವರಿಗೆ 95 ವರ್ಷ. ನಾನು ಆಗ ಪುತ್ತೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಸರಕಾರ ಎರಡು ದಿನ ಶೋಕಾಚರಣೆ ಘೋಷಿಸಿತು. ನಂತರದ ದಿನಗಳಲ್ಲಿ ಬಂದ ಬರಹಗಳಲ್ಲೆಲ್ಲ ಎರಡು ಮಾತು ಮತ್ತೆ ಮತ್ತೆ ಬರುತ್ತಿದ್ದವು: ನಡೆದಾಡುವ ವಿಶ್ವಕೋಶ, ಕಡಲತೀರದ ಭಾರ್ಗವ. ಎರಡೂ ನಿಜವೇ. ಆದರೆ ವಿಶ್ವಕೋಶ ನಗುವುದಿಲ್ಲ, ಭಾರ್ಗವನ ಕೈಯಲ್ಲಿ ಕೊಡಲಿ ಇರುತ್ತದೆ. ಎಪ್ಪತ್ತು ವರ್ಷ ಒಂದು ಕಡೆ ಕೂರದೆ ಆಟವಾಡಿದ ಮನುಷ್ಯ ಆ ಎರಡು ಬಿರುದುಗಳಲ್ಲಿ ಎಲ್ಲಿದ್ದಾರೆ?

ತಮ್ಮನ್ನು ತಾವು ಏನೆಂದು ಕರೆದುಕೊಳ್ಳಬೇಕೆಂಬುದು ಕಾರಂತರಿಗೆ ಚೆನ್ನಾಗಿಯೇ ತಿಳಿದಿತ್ತು. ಅವರ ಆತ್ಮಕಥೆಯ ಹೆಸರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ಆ ಮುಖಗಳಲ್ಲಿ ಕೆಲವನ್ನಾದರೂ ಎಣಿಸಿ ನೋಡಿ. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಮಂಗಳೂರಿನ ಸರಕಾರಿ ಕಾಲೇಜು ಬಿಟ್ಟ ಹುಡುಗ. ಖಾದಿ ಪ್ರಚಾರಕ. ‘ವಸಂತ’ ಎಂಬ ಮಾಸಪತ್ರಿಕೆಯ ಸಂಪಾದಕ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಅದಕ್ಕೂ ಮೊದಲೇ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿ ಚಿತ್ರಗಳನ್ನು ಮಾಡಲು ಹೊರಟವರು. ಮೊಳಹಳ್ಳಿ ಶಿವರಾಯರ ಜೊತೆ ಸೇರಿ ಪುತ್ತೂರಿನಲ್ಲಿ ದಸರಾ ನಾಡಹಬ್ಬ ನಡೆಸಿದವರು. ಗೀತನಾಟಕ ಬರೆದು, ಆಡಿಸಿ, ಸ್ವತಃ ಕುಣಿದವರು. ಸ್ವಂತ ಮುದ್ರಣಾಲಯ ಇಟ್ಟುಕೊಂಡು ಪುಸ್ತಕ ಅಚ್ಚು ಹಾಕಿದವರು. ಛಾಯಾಚಿತ್ರ, ಚಿತ್ರಕಲೆ, ವಾಸ್ತುಶಿಲ್ಪ, ಯಕ್ಷಗಾನ. ನಲವತ್ತಕ್ಕೂ ಹೆಚ್ಚು ಕಾದಂಬರಿ. ದಾರಿ ಬದಿಯ ಮೈಲಿಗಲ್ಲನ್ನೂ ಮಾತಿಗೆಳೆಯದೆ ಬಿಡದ ‘ಮೈಲಿಕಲ್ಲಿನೊಡನೆ ಮಾತುಕತೆಗಳು’ ಎಂಬ ವಿನೋದದ ಪುಸ್ತಕ ಬೇರೆ.

ಅಲೆದಾಟವಂತೂ ಹೇಳಿ ಮುಗಿಯದು. ‘ಅಬೂವಿನಿಂದ ಬರಾಮಕ್ಕೆ’ ಎಂಬುದು ಅವರ ಒಂದು ಪ್ರವಾಸ ಕಥನದ ಹೆಸರು. ಅಬುಧಾಬಿಯಲ್ಲಿ ಕೂತು ಆ ಶೀರ್ಷಿಕೆ ಓದುವವನಿಗೆ ಒಂದು ಕ್ಷಣ ಮೈ ನವಿರೇಳುತ್ತದೆ. ಆದರೆ ಆ ಅಬೂ ರಾಜಸ್ಥಾನದ ಬೆಟ್ಟ, ನಮ್ಮ ಅಬು ಅಲ್ಲ. ಯುರೋಪಿಗೆ ಹೋಗಿ ಬಂದು ‘ಅಪೂರ್ವ ಪಶ್ಚಿಮ’ ಬರೆದರು. ಮುಂದೆ ‘ಪಾತಾಳಕ್ಕೆ ಪಯಣ’, ‘ಪೂರ್ವದಿಂದ ಅತ್ಯಪೂರ್ವಕ್ಕೆ’. ಹೆಸರುಗಳಲ್ಲೇ ಒಂದು ತುಂಟತನ ಇದೆ. ವಯಸ್ಸಾದ ಮೇಲೂ ಯಕ್ಷಗಾನದ ತಂಡ ಕಟ್ಟಿಕೊಂಡು ದೇಶ ವಿದೇಶ ಸುತ್ತಿದರು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆ ಚುನಾವಣೆಗೆ ನಿಂತು ಸೋತರು. ಆ ವಯಸ್ಸಿನಲ್ಲಿ ನಮ್ಮ ಮನೆಗಳಲ್ಲಿ ಅಜ್ಜಂದಿರನ್ನು ಅಂಗಳಕ್ಕೆ ಇಳಿಯಲೂ ಬಿಡುವುದಿಲ್ಲ.

ಈ ಪಟ್ಟಿಯನ್ನು ಲೆಕ್ಕಿಗನ ಕಣ್ಣಿನಿಂದ ಇನ್ನೊಮ್ಮೆ ನೋಡಿ. ಇದರಲ್ಲಿ ಹಣ ತರುವ ಕೆಲಸ ಎಷ್ಟು, ಹಣ ತಿನ್ನುವ ಕೆಲಸ ಎಷ್ಟು? ಮಾತಿನ ಚಿತ್ರಗಳು ಬಾಗಿಲಲ್ಲಿ ನಿಂತಿದ್ದ ಕಾಲದ ಮೂಕಿ ಚಿತ್ರ, ಕೆಲವೇ ಓದುಗರಿರುವ ಭಾಷೆಯಲ್ಲಿ ಮಕ್ಕಳ ವಿಶ್ವಕೋಶ, ಊರಿನವರು ಟಿಕೆಟ್ ಕೊಂಡು ನೋಡದ ನೃತ್ಯನಾಟಕ. ಸಾಹಸಿಗಳಿಗೆ ಸಾಲ ಹೊಸದಲ್ಲ, ಕಾರಂತರಿಗೂ ಆಗಿರಲಿಲ್ಲ. ಒಬ್ಬ ಬ್ರಹ್ಮಚಾರಿ ಹೀಗೆಲ್ಲ ಬದುಕಿದರೆ ಅದು ಅವನೊಬ್ಬನ ಸಾಹಸ. ಮನೆ ಮಕ್ಕಳು ಇರುವವನು ಹೀಗೆ ಬದುಕಿದರೆ ಅದು ಇಡೀ ಮನೆಯ ಸಾಹಸ. ಇಲ್ಲಿಂದಲೇ ಎದುರು ಬದಿಯ ನಮೂದು ಶುರುವಾಗುತ್ತದೆ.

ಆ ಬದಿಯಲ್ಲಿ ಮೊದಲ ಹೆಸರು ಲೀಲಾ ಆಳ್ವ. 1936ರ ಮೇ ತಿಂಗಳಲ್ಲಿ ಅವರಿಬ್ಬರ ಮದುವೆಯಾಯಿತು. ಕೋಟದ ಬ್ರಾಹ್ಮಣ, ಬಂಟರ ಹುಡುಗಿ. ಇವತ್ತಿಗೂ ಇಂಥ ಮದುವೆಗೆ ನಮ್ಮ ಊರಿನಲ್ಲಿ ಮಾತು ಬರುತ್ತದೆ. ಅಂದ ಮೇಲೆ ಅಂದು ಎಷ್ಟು ಬಂದಿರಬೇಡ. ಲೀಲಾರ ಆರಂಭದ ಓದು ಮರಾಠಿಯಲ್ಲಿ ಆಗಿತ್ತು. ಮದುವೆಯ ನಂತರ ಕನ್ನಡವನ್ನು ಮತ್ತೆ ಕಲಿತು, ಹರಿ ನಾರಾಯಣ ಆಪ್ಟೆಯವರ ಪ್ರಸಿದ್ಧ ಮರಾಠಿ ಕಾದಂಬರಿ ‘ಪಣ್ ಲಕ್ಷಾತ್ ಕೋಣ್ ಘೇತೋ’ವನ್ನು ಕನ್ನಡಕ್ಕೆ ತಂದರು. ಆ ಶೀರ್ಷಿಕೆಯ ಅರ್ಥ ಸುಮಾರಾಗಿ ‘ಆದರೆ ಯಾರು ಲಕ್ಷ್ಯ ಕೊಡುತ್ತಾರೆ?’ ಎಂದು. ಹಿಂದೂ ಮನೆಗಳ ಹೆಂಗಸರ ಪಾಡನ್ನು ಹೆಣ್ಣಿನ ಬಾಯಿಂದ ಹೇಳಿಸಿದ ಕಾದಂಬರಿ ಅದು. ಲೀಲಾ ನೃತ್ಯ ಬಲ್ಲವರು. ಗಂಡನ ಗೀತನಾಟಕಗಳಲ್ಲಿ ಕುಣಿದವರು. ಅಂದರೆ ಅವರು ಮನೆಯೊಳಗಿದ್ದು ದೀಪ ಹಚ್ಚಿಕೊಂಡು ಕಾದವರಲ್ಲ, ರಂಗದ ಮೇಲೂ ಇದ್ದವರು.

ಅದೇ 1936ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳೂ ಬಂದವು. ಇದನ್ನು ನಾನು ಬೇಕೆಂದೇ ಪಕ್ಕಪಕ್ಕ ಇಡುತ್ತಿದ್ದೇನೆ. ತನ್ನ ಮಕ್ಕಳು ಹುಟ್ಟುವ ಮೊದಲೇ ನಾಡಿನ ಮಕ್ಕಳಿಗೆಲ್ಲ ಒಂದು ವಿಶ್ವಕೋಶ ಬರೆದ ಮನುಷ್ಯ ಅವರು. ಪುತ್ತೂರಿನ ಪರ್ಲಡ್ಕದಲ್ಲಿ ಅವರು ಕಟ್ಟಿದ ‘ಬಾಲವನ’ ಅದೇ ಹುಚ್ಚಿನ ಇನ್ನೊಂದು ರೂಪ. ಮಕ್ಕಳು ಹೆದರಿಕೆಯಿಂದ ಕಲಿಯಬಾರದು, ನೋಡಿ, ಮುಟ್ಟಿ, ಆಡಿ, ಕುಣಿದು ಕಲಿಯಬೇಕು ಎಂಬ ನಂಬಿಕೆ. ಆ ಗುಡ್ಡದ ಮನೆಯಲ್ಲೇ ಕಾರಂತ ದಂಪತಿಗಳ ನಾಲ್ಕು ಮಕ್ಕಳು ಬೆಳೆದರು: ಹರ್ಷ, ಮಾಲವಿಕಾ, ಉಲ್ಲಾಸ, ಕ್ಷಮಾ. ಹರ್ಷ, ಉಲ್ಲಾಸ ಎಂದು ಗಂಡುಮಕ್ಕಳಿಗೆ ಹೆಸರಿಟ್ಟ ತಂದೆಯನ್ನು ಗಂಭೀರ ಎಂದು ಕರೆಯುವುದಕ್ಕೆ ಮೊದಲು ಸ್ವಲ್ಪ ಯೋಚಿಸಬೇಕು.

ನಾವು ಪುತ್ತೂರಿನವರಿಗೆ ಬಾಲವನ ಶಾಲೆಯಿಂದ ನಡೆದು ಹೋಗುವಷ್ಟು ದೂರ. ನಮ್ಮ ಕಾಲಕ್ಕೆ ಕಾರಂತರು ಸಾಲಿಗ್ರಾಮಕ್ಕೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಊರಿನ ಹಿರಿಯರ ಬಾಯಲ್ಲಿ ಅವರು ಇನ್ನೂ ನೆರೆಮನೆಯವರೇ. ಸಾಹಿತ್ಯ ಓದದವರೂ ಅವರ ಬಗ್ಗೆ ಒಂದು ಕಥೆ ಹೇಳುತ್ತಿದ್ದರು: ಕಾರಂತರು ಸಿಟ್ಟು ಮಾಡಿದ್ದು, ಕಾರಂತರು ಕುಣಿದದ್ದು, ಕಾರಂತರು ಭಾಷಣಕ್ಕೆ ಕರೆದವರನ್ನೇ ಬೈದದ್ದು. ಯಾವುದು ನಿಜ, ಯಾವುದು ಕಟ್ಟಿದ್ದು ಎಂದು ವಿಂಗಡಿಸಲಾಗದು. ಊರು ತನ್ನ ಅಜ್ಜನನ್ನು ಹೇಗೆ ನೆನಪಿಟ್ಟುಕೊಳ್ಳಲು ಬಯಸಿತ್ತು ಎಂಬುದಕ್ಕಂತೂ ಆ ಕಥೆಗಳು ಸಾಕ್ಷಿ.

ಆ ಮನೆಗೆ ದುಃಖವೂ ಬಂತು. 1961ರಲ್ಲಿ ಹಿರಿಮಗ ಹರ್ಷ ತೀರಿಕೊಂಡರು. 1986ರಲ್ಲಿ ಲೀಲಾ. ಅಪ್ಪ ಮಗನನ್ನು ಕಳೆದುಕೊಂಡು 36 ವರ್ಷ ಬದುಕಿದರು. ಈ ಎರಡು ವಾಕ್ಯಗಳನ್ನು ಮೇಲಿನ ಉದ್ದನೆಯ ಪಟ್ಟಿಯ ಎದುರು ಇಟ್ಟು ಓದಿದಾಗ ಪಟ್ಟಿಯ ಬಣ್ಣವೇ ಬದಲಾಗುತ್ತದೆ. ‘ವಿಜ್ಞಾನ ಪ್ರಪಂಚ’ದ ಸಂಪುಟಗಳ ಕೆಲಸ ಆ ದುಃಖದ ಹಿಂದೆ ಮುಂದೆಯೇ ನಡೆದಿದೆ. ‘ಮೂಕಜ್ಜಿಯ ಕನಸುಗಳು’ 1968ರದ್ದು. 1977ರ ಜ್ಞಾನಪೀಠ ಪ್ರಶಸ್ತಿ ಅದಕ್ಕೇ ಸಿಕ್ಕಿತು. ಉತ್ಸಾಹದ ಮನುಷ್ಯನಿಗೆ ದುಃಖ ಇಲ್ಲವೆಂದಲ್ಲ. ಅವನು ಬೆಳಗ್ಗೆ ಎದ್ದು ಮತ್ತೆ ಕೆಲಸಕ್ಕೆ ಕೂರುತ್ತಾನೆ, ಅಷ್ಟೆ.

ಇಂಥ ಹಿರಿಯನೊಬ್ಬನನ್ನು ಕಾರಂತರು ತಮ್ಮ ನಲವತ್ತನೆಯ ವಯಸ್ಸಿನ ಸುಮಾರಿಗೇ ಬರೆದಿದ್ದರು ಎಂಬುದು ನನಗೆ ಯಾವಾಗಲೂ ಸೋಜಿಗದ ಸಂಗತಿ. 1943ರ ‘ಬೆಟ್ಟದ ಜೀವ’ದ ಗೋಪಾಲಯ್ಯನವರನ್ನು ನೆನಪಿಸಿಕೊಳ್ಳಿ. ಸುಬ್ರಹ್ಮಣ್ಯದ ಕಡೆಯ ಕಾಡಿನ ಸೆರಗಿನಲ್ಲಿ, ಆನೆ ಹುಲಿಗಳ ಕಾಟದ ನಡುವೆ ತೋಟ ಎಬ್ಬಿಸಿದ ಮುದುಕ. ಮಾತೆತ್ತಿದರೆ ತಮಾಷೆ, ಹೆಂಡತಿ ಶಂಕರಮ್ಮನವರನ್ನು ಛೇಡಿಸುವುದು, ದಾರಿ ತಪ್ಪಿ ಬಂದವನನ್ನು ನೆಂಟನಿಗಿಂತ ಹೆಚ್ಚಾಗಿ ನೋಡಿಕೊಳ್ಳುವುದು. ಆದರೆ ಆ ಮನೆಯ ಮಗ ಮನೆ ಬಿಟ್ಟು ಹೋಗಿದ್ದಾನೆ. ಗೋಪಾಲಯ್ಯನವರ ನಗುವನ್ನಷ್ಟೇ ನೋಡುವ ಓದುಗನಿಗೆ ಆ ಕಾದಂಬರಿ ಅರ್ಧ ಮಾತ್ರ ಸಿಗುತ್ತದೆ. ಶಂಕರಮ್ಮನವರ ಕಾಯುವಿಕೆಯೂ ಸೇರಿದರೆ ಪೂರ್ತಿಯಾಗುತ್ತದೆ.

ಕಾರಂತರ ಮಕ್ಕಳು ತಮ್ಮ ತಂದೆಯ ಬಗ್ಗೆ ಒಟ್ಟಾಗಿ ಒಂದು ಪುಸ್ತಕ ಬರೆದದ್ದು ಅವರು ತೀರಿಕೊಂಡು 24 ವರ್ಷಗಳಾದ ಮೇಲೆ, 2021ರಲ್ಲಿ. ‘ಗ್ರೋಯಿಂಗ್ ಅಪ್ ಕಾರಂತ್’ ಅದರ ಹೆಸರು. ಕಾರಂತರಾಗಿ ಬೆಳೆಯುವುದು ಎಂದು ಹೇಳಬಹುದೇನೋ. ಬರೆದವರು ಉಲ್ಲಾಸ ಕಾರಂತ, ಮಾಲವಿಕಾ ಕಪೂರ್, ಕ್ಷಮಾ ರಾವ್. ಮೂವರಿಗೂ ಆಗ ಅಜ್ಜ ಅಜ್ಜಿಯರ ವಯಸ್ಸು. ಮಾಲವಿಕಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಶ್ಶಾಸ್ತ್ರದಲ್ಲಿ ಕೆಲಸ ಮಾಡಿದವರು. ಉಲ್ಲಾಸ ಎಂಜಿನಿಯರಿಂಗ್ ಓದಿ, ಕೃಷಿ ಮಾಡಿ, ಅದನ್ನೂ ಬಿಟ್ಟು ನಾಗರಹೊಳೆಯ ಹುಲಿಗಳ ಹಿಂದೆ ಹೋದವರು. ಎಂಜಿನಿಯರಿಂಗ್ ಪದವಿ ಇಟ್ಟುಕೊಂಡು ಹುಲಿ ಎಣಿಸಲು ಹೋಗುತ್ತೇನೆ ಎಂದ ಮಗನನ್ನು ನಮ್ಮ ಮನೆಗಳಲ್ಲಿ ಏನೆನ್ನುತ್ತಿದ್ದರು ಎಂದು ನಿಮಗೆ ಗೊತ್ತು. ಅಪ್ಪನ ಹತ್ತು ಮುಖಗಳಲ್ಲಿ ಒಂದು ಮುಖ ಮಗನಿಗೆ ಬಂತು ಎಂದು ನಾನು ತಿಳಿಯುತ್ತೇನೆ.

ಆ ಪುಸ್ತಕದ ಬೆಲೆ ನನಗೆ ಕಂಡದ್ದು ಅದರ ದೃಷ್ಟಿಯಲ್ಲಿ. ಹೊರಗಿನವರು ಬರೆದ ನೂರಾರು ಲೇಖನಗಳಲ್ಲಿ ಕಾರಂತರ ಸಾಧನೆಗಳಿವೆ. ಮಕ್ಕಳು ಬರೆದಾಗ ಅಲ್ಲಿ ಒಂದು ಮನೆ ಇದೆ. ಮನೆಯಲ್ಲಿ ಅಪ್ಪನ ಜೊತೆಗೆ ಅಮ್ಮ ಇದ್ದಾರೆ. ಮಕ್ಕಳು ತಂದೆಯನ್ನು ಪೂಜಿಸಲೂ ಇಲ್ಲ, ಕಟಕಟೆಯಲ್ಲಿ ನಿಲ್ಲಿಸಲೂ ಇಲ್ಲ. ಅಷ್ಟು ವರ್ಷ ಕಾದದ್ದರಿಂದ ಆ ಸಮತೋಲ ಬಂದಿರಬೇಕು. ಹದಿಮೂರನೆಯ ದಿನಕ್ಕೆ ಅಚ್ಚಾಗಬೇಕಾದ ಪುಟದಲ್ಲಿ ಅದು ಸುಲಭವಾಗಿ ಬರುವುದಲ್ಲ.

ನಾನು ಇದನ್ನು ಬರೆಯುತ್ತಿರುವ ಅಲ್ ರೀಮ್ ಐಲ್ಯಾಂಡಿನಲ್ಲಿ ಅಜ್ಜಂದಿರೇ ಇಲ್ಲ ಎನ್ನಬಹುದು. ಇಲ್ಲಿನ ಎತ್ತರದ ಕಟ್ಟಡಗಳೆಲ್ಲ ಕಳೆದ ಎರಡು ದಶಕಗಳಲ್ಲಿ ಎದ್ದವು. ಸೂಪರ್ ಮಾರ್ಕೆಟ್ಟಿನಲ್ಲಿ, ಲಿಫ್ಟಿನಲ್ಲಿ, ಪಾರ್ಕಿನಲ್ಲಿ ಕಾಣುವವರು ದುಡಿಯುವ ವಯಸ್ಸಿನವರು ಮತ್ತು ಅವರ ಮಕ್ಕಳು. ಚಳಿಗಾಲದಲ್ಲಿ ಊರಿನಿಂದ ವಿಸಿಟ್ ವೀಸಾದಲ್ಲಿ ಬರುವ ಅಪ್ಪ ಅಮ್ಮಂದಿರು ಎರಡು ತಿಂಗಳು ವಾಕಿಂಗ್ ಮಾಡಿ ಸೆಕೆ ಶುರುವಾಗುವ ಮೊದಲು ಹಿಂದಿರುಗುತ್ತಾರೆ. ಹಾಗಾಗಿ ನಮ್ಮ ಮಕ್ಕಳಿಗೆ ಅಜ್ಜ ಎಂದರೆ ಮೊಬೈಲಿನ ಪರದೆಯ ಮೇಲೆ ಹಣೆ ಮಾತ್ರ ಕಾಣುವ ಒಬ್ಬ ವ್ಯಕ್ತಿ. ಅವರ ಹುಚ್ಚುಗಳನ್ನು ನಾವು ಹೇಳದಿದ್ದರೆ ಮಕ್ಕಳಿಗೆ ತಿಳಿಯುವ ದಾರಿಯೇ ಇಲ್ಲ.

ಈ ದೇಶ ತನ್ನ ಹಿರಿಯನನ್ನು ಹೇಗೆ ನೆನೆಯುತ್ತದೆ ಎಂಬುದನ್ನೂ ಇಲ್ಲಿರುವ ನಾವು ನೋಡುತ್ತ ಬಂದಿದ್ದೇವೆ. ಶೇಖ್ ಝಾಯೆದ್ 1966ರ ಆಗಸ್ಟ್ 6ರಂದು ಅಬುಧಾಬಿಯ ಆಡಳಿತ ವಹಿಸಿಕೊಂಡರು, 1971ರಲ್ಲಿ ಒಕ್ಕೂಟದ ಮೊದಲ ಅಧ್ಯಕ್ಷರಾದರು, 2004ರ ನವೆಂಬರ್ 2ರಂದು ತೀರಿಕೊಂಡರು. 2018ರಲ್ಲಿ ಅವರ ಜನ್ಮಶತಮಾನೋತ್ಸವವನ್ನು ವರ್ಷವಿಡೀ ಆಚರಿಸಿದರು. ಕಾರ್ನಿಶ್ ಬಳಿ ಅವರ ಸ್ಮಾರಕವೂ ಅದೇ ವರ್ಷ ತೆರೆಯಿತು. ನನಗೆ ಗಮನಕ್ಕೆ ಬಂದದ್ದು ಬೇರೆ. ಸಿಂಹಾಸನದ ಮೇಲೆ ಕೂತ ಚಿತ್ರಕ್ಕಿಂತ ಮುಂಗೈ ಮೇಲೆ ಡೇಗೆ ಹಕ್ಕಿ ಕೂರಿಸಿಕೊಂಡ ಚಿತ್ರ ಇಲ್ಲಿನವರಿಗೆ ಹೆಚ್ಚು ಪ್ರಿಯ. ಅವರಿಗೆ ಡೇಗೆ ಬೇಟೆ ಬಲು ಇಷ್ಟ. 1976ರ ಡಿಸೆಂಬರಿನಲ್ಲಿ ಜಗತ್ತಿನ ಡೇಗೆ ಪಳಗಿಸುವವರನ್ನೆಲ್ಲ ಅಬುಧಾಬಿಗೆ ಕರೆಸಿ ಸಮ್ಮೇಳನ ನಡೆಸಿದರು. 1995ರಲ್ಲಿ ಪಳಗಿದ ಡೇಗೆಗಳನ್ನು ಮತ್ತೆ ಕಾಡಿಗೆ ಬಿಡುವ ಕಾರ್ಯಕ್ರಮ ಆರಂಭಿಸಿದರು. 2010ರಲ್ಲಿ ಯುನೆಸ್ಕೋ ಡೇಗೆಗಾರಿಕೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಬ್ಬ ಹಿರಿಯರು ಖುಷಿಗಾಗಿ ಮಾಡುತ್ತಿದ್ದ ಕೆಲಸ ಒಂದು ನಾಡಿನ ಗುರುತಾಯಿತು. ಆಟವನ್ನೂ ಚರಿತ್ರೆಯಲ್ಲಿ ಬರೆಯಬಹುದು ಎಂಬುದಕ್ಕೆ ನನಗೆ ಪಕ್ಕದಲ್ಲೇ ಸಿಕ್ಕ ಉದಾಹರಣೆ ಇದು.

ಕಳೆದ ವರ್ಷ ನಮ್ಮ ದೊಡ್ಡಪ್ಪ ತೀರಿಕೊಂಡರು. 84 ವರ್ಷ. ಅಜ್ಜ ಹೋದ ಮೇಲೆ ಐದು ಮನೆಗಳ ಕುಟುಂಬಕ್ಕೆ ಅವರೇ ಯಜಮಾನರು. ವೈಕುಂಠ ಸಮಾರಾಧನೆಯ ದಿನ ಹಂಚಲು ನಾಲ್ಕು ಪುಟದ ನುಡಿನಮನ ಬರೆಯುವ ಕೆಲಸ ನನಗೆ ಬಂತು. ದೂರ ಇರುವವನಿಗೆ ಬೇರೆ ಕೆಲಸ ಕೊಡಲಾಗದು ತಾನೆ. ಅಣ್ಣ ತಮ್ಮಂದಿರು ಕಳಿಸಿದ ವಿವರಗಳಲ್ಲಿ ದೇವಸ್ಥಾನದ ಜೀರ್ಣೋದ್ಧಾರ ಸಮಿತಿ, ಹಾಲಿನ ಸೊಸೈಟಿ, ಶಾಲೆಗೆ ಕೊಟ್ಟ ಜಾಗ ಎಲ್ಲ ಇದ್ದವು. ದೊಡ್ಡಪ್ಪ ಇರಲಿಲ್ಲ.

ನಾನು ಕಂಡ ದೊಡ್ಡಪ್ಪ ಏಪ್ರಿಲ್ ರಜೆಯಲ್ಲಿ ಏಳು ಮಕ್ಕಳನ್ನು ಸುಬ್ರಹ್ಮಣ್ಯ ದೇವರಿಗೆ ಕೈಮುಗಿಸಿ ಬರುತ್ತೇನೆಂದು ಕರೆದುಕೊಂಡು ಹೋಗಿ, ಕೈಮುಗಿಸಿ, ಅಲ್ಲಿಂದ ಸೀದಾ ಕುಮಾರಪರ್ವತದ ದಾರಿ ಹಿಡಿಸಿದವರು. ಗಿರಿಗದ್ದೆಯಲ್ಲಿ ಊಟ ಮಾಡಿಸಿ, ಜಿಗಣೆ ಕಚ್ಚಿದವರಿಗೆಲ್ಲ ಒಂದೊಂದು ಪದವಿ ಕೊಟ್ಟು, ಮರುದಿನ ಸಂಜೆ ಮನೆ ಮುಟ್ಟಿಸಿದವರು. ತೋಟದಲ್ಲಿ ಕೋಕೋ ಹಾಕಿದ ಮೊದಲ ಕೆಲವರಲ್ಲಿ ಅವರೊಬ್ಬರು. 1980ರ ಸುಮಾರಿಗೆ ಕೋಕೋ ಕೊಳ್ಳುವವರಿಲ್ಲದೆ ಬೆಲೆ ಬಿದ್ದಾಗ ಹಣ್ಣನ್ನು ನಮಗೆ ತಿನ್ನಲು ಕೊಟ್ಟು ನಕ್ಕರಂತೆ. ಮುಂದೆ ಕ್ಯಾಂಪ್ಕೊ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲೇ ಚಾಕಲೇಟ್ ಕಾರ್ಖಾನೆ ತೆರೆದಾಗ, ಅದು ತಮ್ಮದೇ ಕಾರ್ಖಾನೆ ಎಂಬಂತೆ ಎಲ್ಲರಿಗೂ ಸಿಹಿ ಹಂಚಿದರು. ಆಮೇಲೆ ವೆನಿಲ್ಲಾ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ಬೆಳೆ ಹಾಳಾದ ಮೇಲೆ ನಮ್ಮ ಕಡೆ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಬಂದ ದಿನಗಳವು. ಬೆಳಗ್ಗೆ ಎದ್ದು, ಸಣ್ಣ ಕಡ್ಡಿ ಹಿಡಿದು, ಒಂದೊಂದು ಹೂವಿಗೂ ಕೈಯಾರೆ ಪರಾಗಸ್ಪರ್ಶ ಮಾಡಿಸಬೇಕು. ‘ಈ ವಯಸ್ಸಿನಲ್ಲಿ ನನಗೆ ಮದುವೆ ದಲ್ಲಾಳಿ ಕೆಲಸ ಸಿಕ್ಕಿತು’ ಎನ್ನುತ್ತಿದ್ದರು. ಎರಡು ಮೂರು ವರ್ಷದಲ್ಲಿ ಬೆಲೆ ನೆಲಕಚ್ಚಿತು. ಬಳ್ಳಿಗಳನ್ನು ಮಾತ್ರ ಅವರು ಕಡಿಯಲಿಲ್ಲ. ಹೂ ಚಂದ ಇದೆಯಲ್ಲ ಎಂದರು.

1987ರಲ್ಲಿ ಅವರು ತಂದ ಹಳೆಯ ಜೀಪಿನ ಕಥೆ ಬೇರೆಯೇ. ಊರಿಗೆ ಸರಿಯಾದ ರಸ್ತೆ ಇರಲಿಲ್ಲ. ಜೀಪು ಬಂದ ಮೇಲೆ ರಸ್ತೆ ಬರುತ್ತದೆ ಎಂಬುದು ಅವರ ವಾದ. ಆ ಜೀಪಿನಲ್ಲಿ ಹೆರಿಗೆಗೆ ಹೋದವರಿದ್ದಾರೆ, ಯಕ್ಷಗಾನಕ್ಕೆ ಹೋದವರಿದ್ದಾರೆ, ಅದನ್ನು ತಳ್ಳಿಕೊಂಡೇ ಮನೆಗೆ ಬಂದವರೂ ಇದ್ದಾರೆ. ಜೀಪಿಗೆ ಹಣ ಎಲ್ಲಿಂದ ಬಂತು ಎಂಬುದು ಕುಟುಂಬದಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿ ಬಿಡದ ವಿಷಯ. ದೊಡ್ಡಮ್ಮನ ತವರಿನ ಚಿನ್ನದ ಸರ ಬ್ಯಾಂಕಿಗೆ ಹೋಗಿತ್ತು. ಮರಳಿ ಬರಲಿಲ್ಲ.

ಇಲ್ಲಿ ನನಗೆ ದಾರಿ ತೋರಿಸಿದ್ದು ಕಾರಂತರದ್ದೇ ಇನ್ನೊಂದು ಕಾದಂಬರಿ, 1960ರ ‘ಅಳಿದ ಮೇಲೆ’. ಮುಂಬಯಿಯಲ್ಲಿ ತೀರಿಕೊಂಡ ಯಶವಂತರಾಯರು ತಮ್ಮ ಬರಹ, ಚಿತ್ರ, ಒಂದಿಷ್ಟು ಹಣ ಇವನ್ನು ಪರಿಚಯದ ಒಬ್ಬರಿಗೆ ಬಿಟ್ಟು ಹೋಗಿರುತ್ತಾರೆ. ಅವರು ತಿಂಗಳು ತಿಂಗಳು ಯಾರು ಯಾರಿಗೆ ಹಣ ಕಳಿಸುತ್ತಿದ್ದರೋ ಅವರನ್ನು ಹುಡುಕಿಕೊಂಡು ನಿರೂಪಕ ಊರೂರು ಅಲೆಯುತ್ತಾನೆ. ಪ್ರತಿಯೊಬ್ಬರ ಬಾಯಲ್ಲೂ ಬೇರೆ ಬೇರೆ ಯಶವಂತರಾಯ. ಕನ್ನಡದ ವಿಮರ್ಶಕರು ಇದರಲ್ಲಿ ಏನೇನು ಕಂಡಿದ್ದಾರೋ, ನಾನಂತೂ ಇದನ್ನು ಒಂದು ಶ್ರದ್ಧೆಯ ಲೆಕ್ಕ ತಪಾಸಣೆ ಎಂದೇ ಓದುತ್ತೇನೆ. ಸತ್ತವರನ್ನು ತಿಳಿಯಬೇಕಾದರೆ ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ನೋಡಬೇಕು; ಅಲ್ಲಿಗೆ ಹೋಗಿ ಆ ಕೈಗಳ ಮಾತು ಕೇಳಬೇಕು.

ಹಾಗೆಂದು ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅವರಿಗೀಗ 79. ಕುಮಾರಪರ್ವತ, ವೆನಿಲ್ಲಾ, ಜೀಪು ಎಲ್ಲ ಬರೆಯುತ್ತೇನೆ ಎಂದೆ. ನಿಮ್ಮ ಸರದ ವಿಷಯವನ್ನೂ ಬರೆಯಬೇಕೆಂದಿದ್ದೇನೆ, ನೀವು ಒಪ್ಪಿದರೆ ಮಾತ್ರ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಸರ ಹೋದದ್ದು ಹೌದು ಮಗಾ. ಕೂಗಿದ್ದೂ ಹೌದು. ಎರಡು ತಿಂಗಳು ಅವರ ಹತ್ತಿರ ಮಾತಾಡಿರಲಿಲ್ಲ ನಾನು. ಆದರೆ ಆ ಜೀಪಿನಲ್ಲಿ ಎದುರಿನ ಸೀಟಿನಲ್ಲಿ ಕೂತದ್ದು ಯಾರು? ಆಗುಂಬೆ ನೋಡಿದ್ದು, ಜೋಗ ನೋಡಿದ್ದು ಯಾರು? ಬರೆಯುವುದಾದರೆ ಅದನ್ನೂ ಬರಿ. ಇಲ್ಲದಿದ್ದರೆ ನನ್ನನ್ನು ಪಾಪದವಳು ಮಾಡಿಬಿಡುತ್ತಿ.’

ಅಷ್ಟು ಹೊತ್ತು ನಾನು ದೊಡ್ಡಮ್ಮನನ್ನು ಖರ್ಚಿನ ಬದಿಯಲ್ಲಿ ಮಾತ್ರ ಇಟ್ಟು ನೋಡುತ್ತಿದ್ದೆ. ಅವರು ಎರಡೂ ಬದಿಯಲ್ಲಿದ್ದರು. ಲೀಲಾ ಕಾರಂತರನ್ನು ಕುರಿತು ಮೇಲೆ ಬರೆದಾಗ, ಅವರು ರಂಗದ ಮೇಲೂ ಇದ್ದರು ಎಂದು ಒತ್ತಿ ಹೇಳಿದ್ದಕ್ಕೆ ಈ ಫೋನೇ ಕಾರಣ. ಸಾಹಸಿ ಗಂಡಂದಿರ ಹೆಂಡತಿಯರನ್ನು ಮೊದಲು ನಾವು ಮರೆಯುತ್ತೇವೆ. ನೆನಪಾದ ಮೇಲೆ ತ್ಯಾಗಮಯಿ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಸರ ಕಳೆದುಕೊಂಡ ಸಿಟ್ಟೂ, ಜೋಗದ ಎದುರು ನಿಂತ ಸಂತೋಷವೂ ಒಬ್ಬಳದೇ ಆಗಿರಬಹುದು ಎಂಬುದು ಆ ಒಂದು ಶಬ್ದದಲ್ಲಿ ಹಿಡಿಸುವುದಿಲ್ಲ.

ನುಡಿನಮನ ಅಚ್ಚಾಯಿತು. ಜೀಪು, ಸರ, ಜೋಗ ಎಲ್ಲ ಅದರಲ್ಲಿವೆ. ಒಬ್ಬಿಬ್ಬರು ಹಿರಿಯರಿಗೆ ಸರದ ವಿಷಯ ಹಿಡಿಸಲಿಲ್ಲ. ಇಂಥದ್ದನ್ನೆಲ್ಲ ಊಟಕ್ಕೆ ಬಂದವರ ಕೈಗೆ ಕೊಡಬೇಕಿತ್ತೇ ಎಂದರು. ಆದರೆ ಪಂಕ್ತಿಯಲ್ಲಿ ಕೂತವರು ಓದಿ ನಗುತ್ತಿದ್ದರೆಂದೂ, ಒಬ್ಬೊಬ್ಬರೂ ತಮಗೆ ತಿಳಿದ ಇನ್ನೊಂದು ಕಥೆ ತೆಗೆಯುತ್ತಿದ್ದರೆಂದೂ ತಮ್ಮ ಹೇಳಿದ. ವೆನಿಲ್ಲಾ ಬಳ್ಳಿ ಕೊಟ್ಟು ಹಣ ಬೇಡವೆಂದದ್ದು, ಜೀಪು ಹೊಳೆಯಲ್ಲಿ ನಿಂತಾಗ ಇಳಿಯದೆ ಹಾಡು ಹೇಳಿದ್ದು, ಹೀಗೆ. ಅವನ್ನೆಲ್ಲ ಈಗ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ: ಯಾರು ಹೇಳಿದ್ದು, ಯಾವ ವರ್ಷದ್ದು ಎಂದು ಪಕ್ಕದಲ್ಲಿ ಗುರುತು ಹಾಕಿ.

ನೀವೂ ಊರಿನಿಂದ ದೂರ ಇರುವವರಾದರೆ ಇದೊಂದು ಕೆಲಸ ಮಾಡಿ. ಮುಂದಿನ ಸಲ ಫೋನ್ ಮಾಡಿದಾಗ ಮನೆಯ ಹಿರಿಯರ ಬಿಪಿ, ಸಕ್ಕರೆ ಕೇಳಿಯಾದ ಮೇಲೆ, ಅವರು ಮಾಡಿದ ಅತಿ ದೊಡ್ಡ ಹುಚ್ಚು ಯಾವುದೆಂದು ಕೇಳಿ. ಅದಕ್ಕೆ ಹಣ ಎಲ್ಲಿಂದ ಬಂತೆಂದು ಕೇಳಿ. ಆಮೇಲೆ ಫೋನನ್ನು ಮನೆಯೊಳಗಿನವರಿಗೆ ಕೊಡಲು ಹೇಳಿ, ಅದೇ ಪ್ರಶ್ನೆಯನ್ನು ಅವರಿಗೂ ಕೇಳಿ. ಎರಡು ಉತ್ತರ ಸಿಗುತ್ತವೆ. ಎರಡನ್ನೂ ಬರೆದಿಡಿ, ಒಂದಕ್ಕೊಂದು ತಾಳೆಯಾಗದಿದ್ದರೂ ಸರಿ.

ಕಾರಂತಜ್ಜ 95ನೆಯ ವಯಸ್ಸಿನಲ್ಲಿ ಬರೆಯುತ್ತಿದ್ದದ್ದು ಹಕ್ಕಿಗಳ ಬಗ್ಗೆ ಒಂದು ಪುಸ್ತಕ. ಅದು ಅಚ್ಚಾಗಿ ಬಂದದ್ದು 2002ರಲ್ಲಿ, ಅವರು ಹೋಗಿ ಐದು ವರ್ಷಗಳಾದ ಮೇಲೆ, ಧಾರವಾಡದ ಮನೋಹರ ಗ್ರಂಥಮಾಲೆಯಿಂದ. ಅವರು ಹುಟ್ಟಿ ಆಗ ಸರಿಯಾಗಿ ನೂರು ವರ್ಷ. ಶತಮಾನದ ಹಿರಿಯರೊಬ್ಬರ ಕೊನೆಯ ಮಾತು ಏನಿರಬಹುದೆಂದು ಕಾದವರಿಗೆ ಸಿಕ್ಕಿದ್ದು ಉಪದೇಶವಲ್ಲ, ಹಕ್ಕಿಗಳು. ನನ್ನ ಮಗಳಿಗೆ ಕಾರಂತರನ್ನು ಪರಿಚಯ ಮಾಡಿಸುವಾಗ ಪ್ರಶಸ್ತಿಗಳ ಪಟ್ಟಿ ಬಿಟ್ಟು ಇದನ್ನೇ ಮೊದಲು ಹೇಳಿದೆ. ‘ಅಷ್ಟು ವಯಸ್ಸಾದ ಮೇಲೂ?’ ಎಂದಳು. ಹೌದು ಎಂದೆ. ದೊಡ್ಡಜ್ಜನ ವೆನಿಲ್ಲಾ ಬಳ್ಳಿಯ ವಿಷಯ ಹೇಳಲು ಅಲ್ಲಿಂದ ದಾರಿ ಸುಲಭವಾಯಿತು.